ಗೃಹನಿರ್ಮಾಣವೂ ಬೆಲೆಯೇರಿಕೆಯೂ

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂಬ ನಾಣ್ಣುಡಿಯು ಕನ್ನಡ ನಾಡಿನಲ್ಲಿ ಎಷ್ಟು ಕಾಲದಿಂದ ನಡೆದುಬಂದಿರುವುದೋ ಬಲ್ಲವರಿಲ್ಲ. ಈ ಎರಡು ಕಾರ್ಯಗಳನ್ನು ಹಿರಿಯರು ಒಂದೇ ತಕ್ಕಡಿಯಲ್ಲಿಟ್ಟುದಕ್ಕೆ ಕಾರಣವುಂಟು. ಎರಡರಲ್ಲಿಯೂ ಲೆಕ್ಕವು ಕಾಗದದ ಮೇಲೆ ಒಂದಾದರೆ ಕೈಯಲ್ಲಿ ಮತ್ತೊಂದು. ಎರಡನ್ನೂ ನಡುವೆ ನಿಲ್ಲಿಸುವಂತಿಲ್ಲ. ಅರ್ಧ ಓದಿದ ಪುಸ್ತಕವನ್ನು ಮುಚ್ಚಿಡಬಹುದು. ಅರ್ಧ ಉತ್ತ ಹೊಲವನ್ನು ನಾಳೆಗೆ ಬಿಡಬಹುದು. ಗೋಡೆಯೆದ್ದು ಸೂರಿಲ್ಲದ ಮನೆಯನ್ನು ಮಳೆಗಾಲದ ಬಾಯಿಗೆ ಬಿಡಲಾಗದು. ಗೃಹಸಾಮಗ್ರಿಗಳ ಬೆಲೆಯು ಒಮ್ಮೊಮ್ಮೆ ಬೆಂಕಿ ಹತ್ತಿದಂತೆ ಏರುವುದರ ಗುಟ್ಟಿನಲ್ಲಿ ಅರ್ಧಭಾಗವು ಈ ಒಂದು ಸಂಗತಿಯಲ್ಲಿಯೇ ಅಡಗಿರುವುದು. ಉಳಿದ ಅರ್ಧವು ಕಾಡಿನಲ್ಲಿಯೂ ಗಣಿಯಲ್ಲಿಯೂ ಹೊಳೆಯಲ್ಲಿಯೂ ಇರುವುದು.

ಶಿವಮೊಗ್ಗ ಜಿಲ್ಲೆಯ ಒಂದು ತಾಲ್ಲೂಕು ಪಟ್ಟಣದಲ್ಲಿ ಅಂಚೆಯ ಕಛೇರಿಯಿಂದ ನಿವೃತ್ತನಾದ ಒಬ್ಬ ಗೃಹಸ್ಥನಿದ್ದನು. ತಂದೆಯ ಕಾಲದ ಮಣ್ಣುಗೋಡೆಯ ಹೆಂಚಿನ ಮನೆಯು ಎರಡು ಮಳೆಗಾಲಗಳಲ್ಲಿ ಒಂದು ಪಾರ್ಶ್ವವನ್ನು ಕಳೆದುಕೊಂಡಿತ್ತು. ನಿವೃತ್ತಿಯ ಕಾಲದಲ್ಲಿ ಕೈಗೆ ಬಂದ ಇಡುಗಂಟನ್ನು ಮುಂದಿಟ್ಟುಕೊಂಡು, 2020ನೆಯ ಇಸವಿಯ ವಿಜಯದಶಮಿ ಕಳೆದ ಮರುವಾರದಲ್ಲಿ, ಆ ಊರಿನ ಮೇಸ್ತ್ರಿಯೊಬ್ಬನೊಡನೆ ಕರಾರು ಮಾಡಿಕೊಂಡನು. ಛಾಪಾ ಕಾಗದದಲ್ಲಿ ಬರೆದ ಕರಾರು: ಚದರಡಿಗೆ ಇಷ್ಟೆಂದು ಒಂದೇ ದರ, ಅದರಲ್ಲಿ ಕೂಲಿ, ಕಬ್ಬಿಣ, ಸಿಮೆಂಟು, ಮರಳು ಎಲ್ಲವೂ ಸೇರಿದುವು. ಮರಗೆಲಸ ಮಾತ್ರ ಬೇರೆ. ಕೆಳಗಿನ ಮನೆ ಮುಗಿದ ಬಳಿಕ ಹಣ ಉಳಿದರೆ ಮಗನಿಗಾಗಿ ಮೇಲೊಂದು ಅಂತಸ್ತು ಎಂಬುದು ಗೃಹಸ್ಥನ ಮನಸ್ಸಿನಲ್ಲಿದ್ದ ಮಾತು. ಇಬ್ಬರೂ ರುಜು ಹಾಕಿದರು. ಆ ದಿನ ಇಬ್ಬರಿಗೂ ಅದು ಒಳ್ಳೆಯ ಕರಾರೇ ಆಗಿತ್ತು. ಬೆಲೆಯೇರಿದರೆ ತನಗೆ ಭಯವಿಲ್ಲವೆಂದು ಒಬ್ಬನು ಸಂತೋಷಪಟ್ಟನು. ಕೊರೋನಾ ರೋಗದ ದೆಸೆಯಿಂದ ಆರು ತಿಂಗಳು ಕೆಲಸವಿಲ್ಲದೆ ಕುಳಿತಿದ್ದ ಮತ್ತೊಬ್ಬನು, ಕೆಲಸವೊಂದು ಸಿಕ್ಕಿತಲ್ಲಾ ಎಂದು ಸಂತೋಷಪಟ್ಟನು. ಆಗ ಕಬ್ಬಿಣದ ಸರಳು ಕಿಲೋ ಒಂದಕ್ಕೆ 50 ರೂಪಾಯಿಗಳ ಆಸುಪಾಸಿನಲ್ಲಿತ್ತು.

ಅದೇ ಕಾಲದಲ್ಲಿ ಸಾವಿರಾರು ಮೈಲಿಗಳಾಚೆ ಅಮೆರಿಕಾ ದೇಶದಲ್ಲಿ ನಡೆಯುತ್ತಿದ್ದ ಒಂದು ವಿಚಿತ್ರವನ್ನು ಇಲ್ಲಿ ಹೇಳಬೇಕು. ಬೆಲೆಯೇರಿಕೆಯ ಸ್ವಭಾವವು ಅಲ್ಲಿ ಕನ್ನಡಿಯಲ್ಲಿ ಕಂಡಂತೆ ಸ್ಪಷ್ಟವಾಗಿ ಕಾಣುವುದು. ಆ ದೇಶದಲ್ಲಿ ಸಾಮಾನ್ಯ ಜನರ ಮನೆಗಳು ಹೆಚ್ಚಾಗಿ ಮರದವೇ. ಪೈನ್ ಮೊದಲಾದ ಮೃದುಮರಗಳ ದಾರುವಿನಿಂದ ಎಲುಬುಗೂಡಿನಂತೆ ಚೌಕಟ್ಟನ್ನು ನಿಲ್ಲಿಸಿ ಅದರ ಮೇಲೆ ಹಲಗೆಗಳನ್ನು ಹೊದಿಸುವರು. 2020ರ ಮಾರ್ಚಿಯಲ್ಲಿ ರೋಗವು ಹಬ್ಬಿದಾಗ, ಇನ್ನು ಮನೆ ಕಟ್ಟುವವರೇ ಇಲ್ಲವಾಗುವರೆಂದು ತಿಳಿದು ಗರಗಸದ ಕಾರ್ಖಾನೆಯವರು ಕೆಲಸವನ್ನು ತಗ್ಗಿಸಿದರು. ಕೆಲವರು ಬಾಗಿಲನ್ನೇ ಮುಚ್ಚಿದರು. ನಡೆದುದು ಬೇರೆ. ಮನೆಯೊಳಗೆ ಸೆರೆಯಾದ ಜನರಿಗೆ ತಮ್ಮ ಮನೆಯ ಕುಂದುಗಳೆಲ್ಲ ಕಣ್ಣಿಗೆ ಬಿದ್ದುವು. ಒಬ್ಬನು ಜಗಲಿಯನ್ನು ಕಟ್ಟಲು ಹೊರಟನು. ಇನ್ನೊಬ್ಬನು ಕಛೇರಿಯ ಕೆಲಸಕ್ಕೆಂದು ಹೊಸ ಕೋಣೆಯನ್ನು ಕೂಡಿಸಲು ಹೊರಟನು. ನಗರವನ್ನು ಬಿಟ್ಟು ಹೊಸ ಮನೆ ಕೊಳ್ಳುವವರು ಅಸಂಖ್ಯಾತರಾದರು. ಮನೆಯ ಸಾಲದ ಬಡ್ಡಿಯು ಆ ಬೇಸಗೆಯಲ್ಲಿ ನೂರಕ್ಕೆ ಮೂರಕ್ಕಿಂತಲೂ ಕೆಳಗಿಳಿಯಿತು. ಮರಕ್ಕೆ ಬೇಡಿಕೆಯು ಹೊಳೆಯಂತೆ ಬಂದಿತು. ಕೊಯ್ದ ಮರವು ಅಂಗಡಿಗಳಲ್ಲಿ ಇರಲಿಲ್ಲ.

ಅಲ್ಲಿ ಮರವನ್ನು ಅಳೆಯುವ ಮಾನವು ಒಂದಡಿ ಉದ್ದ, ಒಂದಡಿ ಅಗಲ, ಒಂದಂಗುಲ ದಪ್ಪದ ಹಲಗೆ. ಇಂತಹ ಸಾವಿರ ಹಲಗೆಯಡಿಗಳ ಮುಂಗಡ ವ್ಯಾಪಾರದ ಬೆಲೆಯು 2020ರ ಏಪ್ರಿಲಿನಲ್ಲಿ 300 ಡಾಲರುಗಳಿಗಿಂತ ಕೆಳಗಿದ್ದುದು 2021ರ ಮೇ ತಿಂಗಳಲ್ಲಿ 1,600 ಡಾಲರುಗಳನ್ನು ಮೀರಿತು. ಹದಿಮೂರು ತಿಂಗಳುಗಳಲ್ಲಿ ಐದು ಮಡಿಗೂ ಹೆಚ್ಚು! ಇದರಿಂದ ಸಾಧಾರಣವಾದ ಒಂದು ಹೊಸ ಮನೆಯ ಬೆಲೆಗೆ ಸುಮಾರು 36,000 ಡಾಲರುಗಳು ಕೂಡಿದುವೆಂದು ಅಲ್ಲಿನ ಗೃಹನಿರ್ಮಾಪಕರ ರಾಷ್ಟ್ರೀಯ ಸಂಘವು ಆ ವಸಂತದಲ್ಲಿ ಲೆಕ್ಕ ಕೊಟ್ಟಿತು.

ಜನರು ಐದು ಮಡಿ ಹೆಚ್ಚಾಗಿ ಮನೆ ಕಟ್ಟಿದರೇ? ಇಲ್ಲ. ಮರವು ಐದರಲ್ಲಿ ಒಂದು ಪಾಲಿಗೆ ಇಳಿಯಿತೇ? ಅದೂ ಇಲ್ಲ. ಇಷ್ಟಾದರೂ ಬೆಲೆಯು ಐದು ಮಡಿಯಾದುದೇಕೆಂಬುದನ್ನು ವಾಚಕರು ಒಂದು ದೃಷ್ಟಾಂತದಿಂದ ತಿಳಿಯಬಹುದು. ಸಾವಿರ ಮಂದಿ ಮನೆ ಕಟ್ಟುತ್ತಿರುವರೆಂದೂ, ಇರುವ ಮರವು ಒಂಬೈನೂರು ಮನೆಗಳಿಗೆ ಮಾತ್ರ ಸಾಲುವುದೆಂದೂ ಇಟ್ಟುಕೊಳ್ಳೋಣ. ಹತ್ತರಲ್ಲೊಂದು ಪಾಲು ಕೊರತೆಯಾದುದರಿಂದ ಬೆಲೆಯೂ ಹತ್ತರಲ್ಲೊಂದು ಪಾಲೇ ಏರುವುದೆಂದು ಎಣಿಸುವುದು ಮಕ್ಕಳ ಲೆಕ್ಕ. ಆ ಸಾವಿರ ಮಂದಿಯಲ್ಲಿ ನೂರು ಮಂದಿ "ನನಗೆ ಬೇಡ" ಎಂದು ಹಿಂದೆಗೆಯುವವರೆಗೆ ಬೆಲೆಯು ಏರುತ್ತಲೇ ಇರಬೇಕು. ಹಿಂದೆಗೆಯುವವರು ಯಾರು? ತಳಪಾಯ ಹಾಕಿದವನು ಹಿಂದೆಗೆಯಲಾರನು. ಸಾಲದ ಬಡ್ಡಿ ತೆರುತ್ತಿರುವವನು ಹಿಂದೆಗೆಯಲಾರನು. ಮರದ ವೆಚ್ಚವು ಮನೆಯ ಒಟ್ಟು ವೆಚ್ಚದಲ್ಲಿ ಒಂದು ಪಾಲು ಮಾತ್ರವಾದುದರಿಂದ, ಇಮ್ಮಡಿ ಕೊಟ್ಟಾದರೂ ಸರಿ, ಕೆಲಸವು ನಿಲ್ಲದಿದ್ದರೆ ಸಾಕೆಂದು ಪ್ರತಿಯೊಬ್ಬನೂ ಕೊಡುವನು. ಅಕ್ಕಿಯ ಬೆಲೆಯೇರಿದರೆ ರಾಗಿಯನ್ನುಣ್ಣಬಹುದು. ತೊಲೆಯ ಬೆಲೆಯೇರಿದರೆ ತೊಲೆಯಿಲ್ಲದೆ ಮನೆ ನಿಲ್ಲುವುದುಂಟೆ?

ಕೊಳ್ಳುವವನಿಗೆ ಕಾಯಲು ವ್ಯವಧಾನವಿಲ್ಲ. ಕೊಡುವವನಿಗೆ ಅವಸರ ಮಾಡಲು ಶಕ್ತಿಯಿಲ್ಲ. ಮರವನ್ನು ಬೆಳೆಯಿಸುವುದು ಬಟ್ಟೆಯನ್ನು ನೇಯುವಂತಹ ಕೆಲಸವಲ್ಲ. ಕೆನಡಾ ದೇಶದ ಪಶ್ಚಿಮ ಭಾಗದಲ್ಲಿರುವ ಬ್ರಿಟಿಷ್ ಕೊಲಂಬಿಯಾ ಪ್ರಾಂತವು ಅಮೆರಿಕಾಕ್ಕೆ ಮರವನ್ನೊದಗಿಸುವ ದೊಡ್ಡ ಕಣಜವಾಗಿದ್ದಿತು. ಅಲ್ಲಿ 1990ರ ದಶಕದಿಂದ ಮೊದಲುಗೊಂಡು, ಅಕ್ಕಿಯ ಕಾಳಿನಷ್ಟು ಗಾತ್ರದ ಒಂದು ದುಂಬಿಯು ಪೈನ್ ಮರಗಳ ತೊಗಟೆಯನ್ನು ಕೊರೆಯುತ್ತ ಹೋಯಿತು. ಹಿಂದೆ ಕಠಿಣವಾದ ಚಳಿಗಾಲವು ಆ ಹುಳುವನ್ನು ಕೊಲ್ಲುತ್ತಿತ್ತು. ಚಳಿಗಾಲಗಳು ಬೆಚ್ಚಗಾದುದರಿಂದ ಅದು ಉಳಿದುಕೊಂಡಿತು. ಆ ಪ್ರಾಂತದ ವ್ಯಾಪಾರಯೋಗ್ಯವಾದ ಪೈನ್ ಮರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ತುಹೋದುವು. ಸತ್ತ ಮರವನ್ನು ಕೆಲವು ವರ್ಷ ಕೊಯ್ಯಬಹುದು; ಆಮೇಲೆ ಕೊಯ್ಯಲು ಏನೂ ಇರುವುದಿಲ್ಲ. ಹೀಗೆ 2020ಕ್ಕೆ ಮೊದಲೇ ಅಲ್ಲಿನ ಹಲವು ಕಾರ್ಖಾನೆಗಳು ಮುಚ್ಚಿದ್ದುವು. ಇದರ ಮೇಲೆ ಆ ಎರಡು ದೇಶಗಳಿಗೂ ಮರದ ಸುಂಕದ ವಿಷಯದಲ್ಲಿ 1982ರಿಂದ ವ್ಯಾಜ್ಯವು ನಡೆದಿರುವುದು.

ಇದಕ್ಕೆ ವಿರುದ್ಧವಾದ ಸಂಗತಿಯು ಅಮೆರಿಕಾದ ದಕ್ಷಿಣ ಸಂಸ್ಥಾನಗಳಲ್ಲಿ ಕಂಡುಬಂದಿತು. 1985ರ ಒಂದು ಕೃಷಿ ಕಾನೂನಿನಂತೆ ಸರ್ಕಾರದ ನೆರವು ಪಡೆದು ಅಲ್ಲಿನ ಅನೇಕ ರೈತರು ಸವೆದ ಹೊಲಗಳಲ್ಲಿ ಪೈನ್ ಸಸಿಗಳನ್ನು ನೆಟ್ಟಿದ್ದರು. ಅವೆಲ್ಲ ಒಮ್ಮೆಗೇ ಬೆಳೆದು ನಿಂತುವು. ಹಲಗೆಯ ಬೆಲೆಯು ಆಕಾಶಕ್ಕೇರಿದ ಆ ವರ್ಷದಲ್ಲಿಯೂ, ನಿಂತ ಮರದ ಬೆಲೆಯು ಆ ಪ್ರಾಂತದಲ್ಲಿ ಹೆಚ್ಚಾಗಿ ಏರಲೇ ಇಲ್ಲ. ಮೂವತ್ತು ವರ್ಷ ಮರವನ್ನು ಸಾಕಿದವನು ಬರಿಗೈಯಲ್ಲಿ ನಿಂತನು. ಕೊಯ್ದು ಕೊಡುವವನು ಹಣವನ್ನೆಣಿಸಿದನು. ತಂಬಿಗೆಯ ಹೊಟ್ಟೆ ಎಷ್ಟು ದೊಡ್ಡದಾದರೇನು? ನೀರು ಸುರಿಯುವುದು ಕಂಠದ ಅಳತೆಗೆ. ಕಾಡು ತುಂಬಿದ್ದರೂ ಗರಗಸಗಳು ಅಷ್ಟೇ ಇದ್ದುವು. ಬೆಲೆಯೇರಿದಾಗ ಲಾಭವು ವಸ್ತುವನ್ನು ಹುಟ್ಟಿಸಿದವನಿಗೆ ಹೋಗುವುದೆಂದು ತಿಳಿಯುವುದು ಭ್ರಾಂತಿ. ದಾರಿಯು ಎಲ್ಲಿ ಇಕ್ಕಟ್ಟಾಗಿರುವುದೋ ಅಲ್ಲಿ ಕುಳಿತವನಿಗೆ ಅದು ಹೋಗುವುದು.

ಏರಿದುದು ಇಳಿಯಿತು. 2021ರ ಆಗಸ್ಟಿನ ಹೊತ್ತಿಗೆ ಆ ಬೆಲೆಯು ಮತ್ತೆ 500 ಡಾಲರುಗಳ ಸುಮಾರಿಗೆ ಬಂದು ನಿಂತಿತು. ಮೇ ತಿಂಗಳಲ್ಲಿ ಹೆದರಿ ಕೊಂಡವನಿಗೆ ಆ ಇಳಿತದಿಂದ ಒಂದು ಕಾಸೂ ಹಿಂದಿರುಗಲಿಲ್ಲ.

ಮಲೆನಾಡಿನ ಗೃಹಸ್ಥನಿಗೆ ಪೈನ್ ಮರದ ಗೊಡವೆಯಿಲ್ಲ. ಆದರೆ ಅವನ ಮನೆಗೂ ಹಡಗಿನ ಬಾಡಿಗೆ ಮುಟ್ಟದೆ ಬಿಡಲಿಲ್ಲ. ನಲವತ್ತಡಿಯ ಸರಕುಪೆಟ್ಟಿಗೆಯೊಂದನ್ನು ಸಮುದ್ರದ ಮೇಲೆ ಸಾಗಿಸುವ ಬಾಡಿಗೆಯ ಜಾಗತಿಕ ಸರಾಸರಿಯು 2021ರ ಸೆಪ್ಟೆಂಬರಿನಲ್ಲಿ 10,000 ಡಾಲರುಗಳನ್ನು ದಾಟಿತ್ತು. ಕಾಡಿನ ನಡುವೆಯೇ ಇರುವ ಮಲೆನಾಡಿನ ಪಟ್ಟಣಗಳ ಮರದ ಅಂಗಡಿಗಳಲ್ಲಿಯೂ ಈಗ ಹಡಗಿನಿಂದಿಳಿದ ಮರವೇ ವಿಶೇಷ. 1996ರ ಡಿಸೆಂಬರ್ 12ರಂದು ಭಾರತದ ಸರ್ವೋಚ್ಚ ನ್ಯಾಯಾಲಯವು, ಕೇಂದ್ರ ಸರ್ಕಾರವು ಒಪ್ಪಿದ ಕಾರ್ಯಯೋಜನೆಯಿಲ್ಲದೆ ಕಾಡಿನ ಮರವನ್ನು ಎಲ್ಲಿಯೂ ಕಡಿಯಕೂಡದೆಂದು ಆಜ್ಞೆಯಿತ್ತಿತು. ಕಾಡಿನ ದೃಷ್ಟಿಯಿಂದ ಅದು ಆಗತಕ್ಕುದೇ. ಬರ್ಮಾ ದೇಶವೂ 2014ರ ಏಪ್ರಿಲ್ 1ರಿಂದ ದಿಮ್ಮಿಗಳ ರಫ್ತನ್ನು ನಿಲ್ಲಿಸಿತು. ಹೀಗಾಗಿ ಅಂಗಡಿಯವನು "ಮಲೇಷಿಯಾ ಹೊನ್ನೆ" ಎಂದು ಕರೆದು ಮಾರುವ ಮರವನ್ನು ಕಂಡು, ಹೊನ್ನೆಯ ಮರವನ್ನು ಹಿತ್ತಿಲಲ್ಲೇ ಬಲ್ಲ ಮುದುಕರು ನಗುವುದುಂಟು.

ಪೂರ್ವಿಕರಿಗೆ ಮರದ ಕಾಲಮಾನವು ತಿಳಿದಿತ್ತು. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ "ವನಸಂಪ್ರವೇಶ"ವೆಂಬ ಒಂದು ಅಧ್ಯಾಯವೇ ಇರುವುದು. ವಿಗ್ರಹಕ್ಕೆ ಬೇಕಾದ ಮರವನ್ನರಸಿ ಕಾಡನ್ನು ಹೊಗುವವನು ಎಂತಹ ಮರವನ್ನು ಬಿಡಬೇಕು, ಎಂತಹುದನ್ನಾರಿಸಬೇಕು, ರಾತ್ರಿಯಲ್ಲಿ ಮರವನ್ನು ಪೂಜಿಸಿ ಅದರಲ್ಲಿ ವಾಸವಾಗಿರುವ ಭೂತಗಳಿಗೆ ಬಲಿಯನ್ನಿತ್ತು ಬೇರೆಡೆಗೆ ಹೋಗಿರೆಂದು ಹೇಗೆ ಪ್ರಾರ್ಥಿಸಬೇಕು ಎಂಬುದನ್ನು ಅಲ್ಲಿ ವಿಧಿಸಿದೆ. ಇದನ್ನು ಮೂಢತನವೆಂದು ನಗುವವರು ನಗಲಿ. ಕಡಿಯುವ ಮೊದಲು ಒಂದು ರಾತ್ರಿ ಕಾಯಬೇಕೆಂಬ ನಿಯಮದಲ್ಲಿ, ಈ ವಸ್ತುವು ಒಂದು ರಾತ್ರಿಯಲ್ಲಿ ಹುಟ್ಟಿದುದಲ್ಲವೆಂಬ ತಿಳಿವಳಿಕೆಯಿರುವುದು.

ಗೃಹಸ್ಥನ ಪುಣ್ಯವಿಶೇಷದಿಂದ ಮರದ ಕಷ್ಟವು ಅವನಿಗೆ ತಟ್ಟಲಿಲ್ಲ. ಹಳೆಯ ಮನೆಯನ್ನು ಬಿಚ್ಚುವಾಗ ಆಚಾರಿಯು ತಲೆಬಾಗಿಲ ಚೌಕಟ್ಟನ್ನೂ ಹಲಸಿನ ತೊಲೆಗಳನ್ನೂ ಬೆರಳಗಂಟಿನಿಂದ ತಟ್ಟಿ ನೋಡಿ, "ಸ್ವಾಮಿ, ಇದು ಅರುವತ್ತು ವರ್ಷ ಆರಿದ ಮರ. ಇನ್ನು ಇದು ಸೀಳುವುದಿಲ್ಲ, ಸೊಟ್ಟಗಾಗುವುದಿಲ್ಲ. ಪೇಟೆಯಲ್ಲಿ ಹಣ ಕೊಟ್ಟರೂ ಇದು ಸಿಕ್ಕದು" ಎಂದನು. ಅಜ್ಜನು ನೆಟ್ಟು ತಂದೆಯು ಕಡಿಸಿದ್ದ ಹಲಸು ಅದು. ಹೊಸ ಮನೆಯ ಬಾಗಿಲು, ಕಿಟಕಿಗಳೆಲ್ಲವೂ ಅದರಿಂದಲೇ ಆದುವು.

ಕಷ್ಟವು ಬಂದುದು ಕಬ್ಬಿಣ, ಸಿಮೆಂಟು, ಮರಳುಗಳ ರೂಪದಲ್ಲಿ. ಮರಳಿನ ಸಂಗತಿಯು ಮಳೆನಾಡಿನವರಿಗೆ ಹೊಸದಲ್ಲ. ಆಷಾಢದಲ್ಲಿ ಹೊಳೆಯು ತುಂಬಿದರೆ ಮರಳು ನೀರಿನಡಿಯಲ್ಲಿ ಮಲಗುವುದು. ಲಾರಿಯ ಮರಳಿಗೆ ಚಿನ್ನದ ಮಾತು ಬರುವುದು. 2012ರ ಫೆಬ್ರುವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಐದು ಹೆಕ್ಟೇರಿಗಿಂತ ಚಿಕ್ಕದಾದ ಮರಳಿನ ಗುತ್ತಿಗೆಗೂ ಪರಿಸರದ ಅನುಮತಿ ಬೇಕೆಂದು ವಿಧಿಸಿತು. ಹೊಳೆಯ ಒಡಲನ್ನು ಬಗೆದು ಬಾವಿಗಳನ್ನು ಬತ್ತಿಸಿದವರಿದ್ದುದರಿಂದ ಆ ಕಟ್ಟು ಬಂದಿತು. ಕಲ್ಲನ್ನು ಅರೆದು ಮಾಡಿದ ಮರಳು ಈಗ ಆ ಸ್ಥಾನವನ್ನು ಬಹುಮಟ್ಟಿಗೆ ತುಂಬಿರುವುದು. ಮೇಸ್ತ್ರಿಯೂ ಅದನ್ನೇ ತಂದನು.

ಸಿಮೆಂಟಿನದು ಬೇರೆ ಬಗೆ. ಅದು ತೂಕಕ್ಕೆ ಭಾರ, ಬೆಲೆಗೆ ಹಗುರ. ದೂರಕ್ಕೆ ಸಾಗಿಸಿದರೆ ಬಾಡಿಗೆಯೇ ಅದನ್ನು ತಿನ್ನುವುದು. ಆದುದರಿಂದ ಒಂದು ಪ್ರಾಂತಕ್ಕೆ ಕೆಲವೇ ಕಂಪೆನಿಗಳು ಒಡೆಯರಾಗುವುವು. ಒಡೆಯರು ಕೆಲವರಾದಲ್ಲಿ ಸ್ಪರ್ಧೆಗಿಂತ ಸ್ನೇಹವು ಲಾಭಕರವೆಂಬುದು ಅವರಿಗೆ ಬೇಗನೆ ಹೊಳೆಯುವುದು. ಒಳಗೊಳಗೇ ಒಂದಾಗಿ ಬೆಲೆಯನ್ನೇರಿಸಿದರೆಂದು ಭಾರತದ ಸ್ಪರ್ಧಾ ಆಯೋಗವು 2012ರ ಜೂನಿನಲ್ಲಿ ಹನ್ನೊಂದು ಸಿಮೆಂಟು ಕಂಪೆನಿಗಳಿಗೆ 6,000 ಕೋಟಿ ರೂಪಾಯಿಗಳಿಗೆ ಮೀರಿದ ದಂಡವನ್ನು ವಿಧಿಸಿತು. ಅವು ಮೇಲ್ಮನವಿಗಳನ್ನು ಹೂಡಿದುವು. ಈ ರೋಗವೂ ಹೊಸದಲ್ಲ. ಮೈಸೂರಿನಲ್ಲಿ ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಮೊದಲ ಬಾರಿಗೆ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ವರ್ತಕರು ಒಟ್ಟುಗೂಡಿ ಸರಕನ್ನು ತಡೆಹಿಡಿದು ಸಲ್ಲದ ಬೆಲೆಗೆ ಮಾರಿದರೆ ಸಾವಿರ ಪಣಗಳ ದಂಡವೆಂದು ಹೇಳಿದೆ. ಸ್ವದೇಶದ ಸರಕಿಗೆ ನೂರಕ್ಕೆ ಐದು, ಪರದೇಶದ ಸರಕಿಗೆ ನೂರಕ್ಕೆ ಹತ್ತು ಎಂದು ಲಾಭದ ಮೇರೆಯನ್ನೂ ಅಲ್ಲಿಯೇ ಗೊತ್ತುಮಾಡಿದೆ. ದೂರದಿಂದ ಬರುವ ವಸ್ತುವಿಗೆ ಅಪಾಯವು ಹೆಚ್ಚೆಂಬ ನ್ಯಾಯವನ್ನು ಆ ಕಾಲದವರು ಬಲ್ಲವರಾಗಿದ್ದರು.

ಇನ್ನು ಕಬ್ಬಿಣ. ಅದಿರು ಬಳ್ಳಾರಿಯ ಸೀಮೆಯಲ್ಲಿಯೇ ಇದ್ದರೂ ಅದನ್ನು ಕರಗಿಸುವ ಕುಲುಮೆಗೆ ಬೇಕಾದ ವಿಶೇಷ ಜಾತಿಯ ಕಲ್ಲಿದ್ದಲು ಭಾರತದಲ್ಲಿ ಸಾಲದು. ಅದರ ಬಹುಭಾಗವು ಹೊರಗಿನಿಂದ, ಮುಖ್ಯವಾಗಿ ಆಸ್ಟ್ರೇಲಿಯಾದಿಂದ, ಬರಬೇಕು. 2021ರ ಮೇ ತಿಂಗಳಲ್ಲಿ ಜಗತ್ತಿನ ಪೇಟೆಯಲ್ಲಿ ಅದಿರಿನ ಬೆಲೆಯು ಟನ್ನಿಗೆ 230 ಡಾಲರುಗಳನ್ನು ಮುಟ್ಟಿತು. 2022ರ ಫೆಬ್ರುವರಿ 24ರಂದು ರಷ್ಯಾ ದೇಶವು ಯುಕ್ರೇನಿನ ಮೇಲೆ ದಂಡೆತ್ತಿ ಹೋಯಿತು. ಮಾರ್ಚಿಯಲ್ಲಿ ಆ ಕಲ್ಲಿದ್ದಲಿನ ಬೆಲೆಯು ಟನ್ನಿಗೆ 600 ಡಾಲರುಗಳನ್ನು ಮೀರಿತು. ಏಪ್ರಿಲಿನಲ್ಲಿ ತಾಲ್ಲೂಕು ಪಟ್ಟಣದ ಅಂಗಡಿಯಲ್ಲಿ ಸರಳಿನ ಬೆಲೆಯು ಕಿಲೋ ಒಂದಕ್ಕೆ 80 ರೂಪಾಯಿಗಳನ್ನು ದಾಟಿತು.

ಅಷ್ಟರಲ್ಲಿ ಮನೆಯು ಎಲ್ಲಿಗೆ ಬಂದಿತ್ತೆಂದರೆ, ಗೋಡೆಗಳು ಎದ್ದು ತಾರಸಿಯು ಮಾತ್ರ ಉಳಿದಿತ್ತು. 2021ರಲ್ಲಿ ರೋಗದ ಎರಡನೆಯ ಅಲೆಯು ಬಂದು ಕೆಲಸವು ತಿಂಗಳುಗಟ್ಟಲೆ ನಿಂತಿತ್ತು. ಕೂಲಿಯವರು ತಮ್ಮ ಊರುಗಳಿಗೆ ಹೋಗಿ ತಡವಾಗಿ ಮರಳಿದ್ದರು. ಈಗ ತಾರಸಿಯ ಹೊತ್ತಿಗೆ ಮೇಸ್ತ್ರಿಯು ಬರುವುದನ್ನೇ ಬಿಟ್ಟನು. ಹೇಳಿ ಕಳುಹಿಸಿದರೆ "ನಾಳೆ" ಎನ್ನುವನು. ಆ ನಾಳೆಯು ಬರಲೊಲ್ಲದು. ಮಳೆಗಾಲಕ್ಕೆ ಆರು ವಾರಗಳು ಉಳಿದಿದ್ದುವು.

ಗೃಹಸ್ಥನು ಎರಡು ಕೆಲಸಗಳನ್ನು ಮಾಡಿದನು. ಮೊದಲನೆಯದಾಗಿ, ಅಂಗಡಿಗೆ ತಾನೇ ಓಡಿಹೋಗಿ, "ಮುಂದಿನ ವಾರ ತೊಂಬತ್ತಾಗುತ್ತದೆ" ಎಂಬ ಮಾತನ್ನು ಕೇಳಿ, ತಾರಸಿಗೆ ಬೇಕಾದ ಕಬ್ಬಿಣದ ಇಮ್ಮಡಿಯನ್ನು ಒಂದೇ ಸಲಕ್ಕೆ ಕೊಂಡು ತಂದನು. ಮೇಲಂತಸ್ತಿಗೂ ಆಗಲಿ, ಕರಾರಿನಂತೆ ತಾರಸಿಯ ಪಾಲಿನ ಹಣವನ್ನು ಮೇಸ್ತ್ರಿಯ ಲೆಕ್ಕದಲ್ಲಿ ಕಳೆದುಕೊಂಡರಾಯಿತು ಎಂಬುದು ಅವನ ಎಣಿಕೆ. ಅಂಗಡಿಯ ಮುಂದೆ ಆ ದಿನ ಅವನಂತೆಯೇ ಇಮ್ಮಡಿ ಕೊಳ್ಳಲು ಬಂದವರು ಏಳೆಂಟು ಮಂದಿಯಿದ್ದರು. ಬೆಲೆಯೇಕೆ ಏರುತ್ತಿದೆಯೆಂದು ಅವರು ಒಬ್ಬರನ್ನೊಬ್ಬರು ಕೇಳುತ್ತಿದ್ದರು. ಉತ್ತರವು ಅವರ ಕೈಯಲ್ಲಿದ್ದ ಚೀಟಿಗಳಲ್ಲಿಯೇ ಬರೆದಿತ್ತು.

ಎರಡನೆಯದಾಗಿ, ಪರಿಚಿತರಾದ ವಕೀಲರೊಬ್ಬರ ಬಳಿಗೆ ಕರಾರಿನ ಕಾಗದವನ್ನೊಯ್ದನು. ವಕೀಲರು ಓದಿ ನೋಡಿ, "ಕಾನೂನು ನಿಮ್ಮ ಕಡೆಗಿದೆ. ಬೆಲೆಯೇರಿತೆಂದ ಮಾತ್ರಕ್ಕೆ ಕರಾರು ಬಿದ್ದುಹೋಗದು. ಯುದ್ಧಕಾಲದಲ್ಲಿ ಸೈನ್ಯಕ್ಕೆ ತುಪ್ಪವನ್ನೊದಗಿಸುವ ಕರಾರು ಮಾಡಿಕೊಂಡವರು ಹೆಚ್ಚಿನ ಹಣ ಕೇಳಿದಾಗ, ಕಷ್ಟವಾದುದು ಅಸಾಧ್ಯವಾದಂತಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1960ರಲ್ಲಿಯೇ ತೀರ್ಪು ಕೊಟ್ಟಿದೆ. ದೊಡ್ಡ ಗುತ್ತಿಗೆದಾರರು ಇದನ್ನರಿತು ಬೆಲೆಯ ವ್ಯತ್ಯಾಸಕ್ಕೊಂದು ಷರತ್ತನ್ನು ಮೊದಲೇ ಬರೆಯಿಸುವರು. ನಿಮ್ಮ ಮೇಸ್ತ್ರಿ ಬರೆಯಿಸಿಲ್ಲ. ನೋಟೀಸು ಕೊಡೋಣ" ಎಂದರು. ಗೃಹಸ್ಥನು ಆ ರಾತ್ರಿ ಸುಖವಾಗಿ ನಿದ್ರೆ ಮಾಡಿದನು.

ಬೆಳಗ್ಗೆ ಎದ್ದು, ನೋಟೀಸಿನ ಮೊದಲು ಒಂದು ಮಾತು ಬಾಯಲ್ಲಿ ಹೇಳಿಬಿಡುವುದು ಮರ್ಯಾದೆಯೆಂದು ಮೇಸ್ತ್ರಿಯ ಮನೆಗೆ ನಡೆದನು. ಮೇಸ್ತ್ರಿಯು ಹೊರಗೆ ಹೋಗಿದ್ದನು. ಕಾಯುತ್ತ ಜಗಲಿಯ ಮೇಲೆ ಕುಳಿತ ಗೃಹಸ್ಥನಿಗೆ ಅಂಗಳದ ಮೂಲೆಯು ಕಣ್ಣಿಗೆ ಬಿದ್ದಿತು. ಅಲ್ಲಿ ಯಾವಾಗಲೂ ಕಾಂಕ್ರೀಟು ಕಲಸುವ ಯಂತ್ರವು ನಿಂತಿರುತ್ತಿತ್ತು. ಆಯುಧಪೂಜೆಯ ದಿನ ಅದಕ್ಕೆ ಬಾಳೆಕಂದು ಕಟ್ಟಿ ಕುಂಕುಮವಿಟ್ಟುದನ್ನು ಅವನು ಕಂಡಿದ್ದನು. ಈಗ ಅಲ್ಲಿ ಯಂತ್ರವಿಲ್ಲ. ಒಣಗಿದ ಸಿಮೆಂಟಿನ ಒಂದು ಬೂದುಬಣ್ಣದ ವೃತ್ತವು ಮಾತ್ರ ನೆಲದ ಮೇಲಿತ್ತು. ಒಳಗಿನಿಂದ ಕಾಫಿ ತಂದಿಟ್ಟ ಮೇಸ್ತ್ರಿಯ ಹೆಂಡತಿಯು ಕೇಳದೆಯೇ, "ನಿಮ್ಮ ಮನೆಯ ಕಂಬಗಳ ಕಬ್ಬಿಣದ ಬಾಕಿಗೆ ಅದನ್ನು ಕೊಟ್ಟರು" ಎಂದಳು. ಅವಳ ಧ್ವನಿಯಲ್ಲಿ ದೂರಿರಲಿಲ್ಲ. ಅದೇ ಅವನನ್ನು ಹೆಚ್ಚಾಗಿ ಇರಿಯಿತು.

ಮೇಸ್ತ್ರಿಯು ಬಂದನು. ಗೃಹಸ್ಥನು ನೋಟೀಸಿನ ಮಾತನ್ನೆತ್ತಲಿಲ್ಲ. "ಬರುವುದನ್ನು ಬಿಟ್ಟೆಯಲ್ಲ, ಬಾಯಿಬಿಟ್ಟು ಹೇಳಬಾರದಾಗಿತ್ತೆ?" ಎಂದು ಕೇಳಿದನು.

"ಏನು ಹೇಳಲಿ ಸ್ವಾಮಿ? ಕಾಗದದಲ್ಲಿ ರುಜು ಹಾಕಿದವನು ನಾನೇ. ನೀವೇನು ಕುತ್ತಿಗೆ ಹಿಡಿದು ಹಾಕಿಸಿದಿರೆ?" ಎಂದನು ಮೇಸ್ತ್ರಿ.

ಗೃಹಸ್ಥನ ತಂದೆಯು ವ್ಯವಹಾರಗಳ ತೀರ್ಮಾನಕ್ಕೆ ಹತ್ತೂರಿನಿಂದ ಕರೆ ಬರುತ್ತಿದ್ದ ವೈದಿಕರು. ಧರ್ಮಶಾಸ್ತ್ರದ ಹದಿನೆಂಟು ವ್ಯವಹಾರಪದಗಳಲ್ಲಿ ಕ್ರಯವಿಕ್ರಯವೇ ಬೇರೆ, "ಸಂಭೂಯ ಸಮುತ್ಥಾನ"ವೇ ಬೇರೆ ಎಂದು ಅವರು ಹೇಳುತ್ತಿದ್ದುದು ಅವನ ನೆನಪಿಗೆ ಬಂದಿತು. ಹಲವರು ಕೂಡಿ ಎತ್ತಿಕೊಂಡ ಕಾರ್ಯದಲ್ಲಿ ಲಾಭವಾದರೂ ನಷ್ಟವಾದರೂ ಪಾಲಿನಂತೆ ಹಂಚಿಕೊಳ್ಳತಕ್ಕುದು. ಒಂದು ಚೀಲ ಅಕ್ಕಿಯನ್ನು ಕೊಂಡಲ್ಲಿ ವ್ಯವಹಾರವು ಆ ಕ್ಷಣಕ್ಕೆ ಮುಗಿಯಿತು. ಒಂದೂವರೆ ವರ್ಷ ಇಬ್ಬರೂ ಒಂದೇ ಗೋಡೆಯನ್ನು ನೋಡುತ್ತ, ಒಂದೇ ಮಳೆಗೆ ಹೆದರುತ್ತ ನಡೆಸಿದ ಕೆಲಸವು ಕ್ರಯವೋ ಸಹಕಾರ್ಯವೋ? ಕಾಗದವು ಕ್ರಯವೆನ್ನುವುದು. ಆದರೆ ಅಂಗಳದಲ್ಲಿದ್ದ ಆ ವೃತ್ತವು ಬೇರೊಂದು ಮಾತನ್ನು ಹೇಳುತ್ತಿತ್ತು. ಯುಕ್ರೇನಿನ ಯುದ್ಧವನ್ನು ಮೇಸ್ತ್ರಿಯು ಹೂಡಿದವನಲ್ಲ, ಗೃಹಸ್ಥನೂ ಅಲ್ಲ. ಇಬ್ಬರಲ್ಲಿ ಒಬ್ಬನೇ ಅದರ ವೆಚ್ಚವನ್ನೆಲ್ಲ ಹೊರುವುದು ಯಾವ ನ್ಯಾಯ?

ಇಬ್ಬರೂ ಎರಡು ಲೆಕ್ಕದ ಪುಸ್ತಕಗಳನ್ನು ಬಿಡಿಸಿ ಕುಳಿತರು. ಕರಾರಿನ ದಿನದ ದರವನ್ನೂ ಕೊಂಡ ದಿನದ ದರವನ್ನೂ ಪಕ್ಕಪಕ್ಕದಲ್ಲಿ ಬರೆದರು. ಕಬ್ಬಿಣ, ಸಿಮೆಂಟುಗಳಲ್ಲಿ ಕಂಡ ಹೆಚ್ಚಳದಲ್ಲಿ ಅರ್ಧವನ್ನು ಗೃಹಸ್ಥನು ಕೊಡತಕ್ಕುದು, ಅರ್ಧವನ್ನು ಮೇಸ್ತ್ರಿಯು ತಡೆದುಕೊಳ್ಳತಕ್ಕುದೆಂದು ಒಪ್ಪಂದವಾಯಿತು. ಮುಂದೆ ಬೇಕಾದ ಕಿಟಕಿಯ ಸರಳು, ಹೊರಬಾಗಿಲ ಪಟ್ಟಿಗಳಿಗೂ ಆ ದಿನದ ದರವನ್ನೇ ಹಿಡಿದು ಹಣವನ್ನೆಣಿಸಿದನು. "ಇಳಿದರೇನು ಮಾಡುವಿ?" ಎಂದು ಗೃಹಸ್ಥನು ಕೇಳಿದುದಕ್ಕೆ, "ಇಳಿದರೂ ಅರ್ಧ ನಿಮ್ಮದೇ" ಎಂದನು ಮೇಸ್ತ್ರಿ. ಮಳೆಗೆ ಎಂಟು ದಿನ ಮೊದಲು ತಾರಸಿಯು ಬಿದ್ದಿತು.

ಬೆಲೆಯು ಇಳಿದೇ ಇಳಿಯಿತು. 2022ರ ಮೇ 21ರಂದು ಭಾರತ ಸರ್ಕಾರವು ಆ ಕಲ್ಲಿದ್ದಲಿನ ಮೇಲಿದ್ದ ಆಮದು ಸುಂಕವನ್ನು ತೆಗೆದು, ಹೊರಗೆ ಹೋಗುವ ಬಹುಬಗೆಯ ಉಕ್ಕಿನ ಮೇಲೆ ನೂರಕ್ಕೆ ಹದಿನೈದರಂತೆ ಸುಂಕವನ್ನು ಹಾಕಿತು. ಆ ರಫ್ತು ಸುಂಕವನ್ನು ನವೆಂಬರಿನಲ್ಲಿ ತೆಗೆದುಹಾಕಿದರು. ಜೂನಿನ ಹೊತ್ತಿಗೆ ಸರಳಿನ ಬೆಲೆಯು ಬಹಳವಾಗಿ ತಗ್ಗಿತ್ತು. ಮೇಸ್ತ್ರಿಯು ಕಿಟಕಿಯ ಸರಳುಗಳನ್ನು ತಂದ ದಿನ, ಉಳಿದ ಹಣದ ಅರ್ಧವನ್ನು, ನಾಲ್ಕು ಸಾವಿರದ ಚಿಲ್ಲರೆ ರೂಪಾಯಿಗಳನ್ನು, ಚೀಟಿಯೊಡನೆ ತಂದು ಜಗಲಿಯ ಮೇಲಿಟ್ಟನು. ಗೃಹಸ್ಥನು ಅದನ್ನು ಎಣಿಸಿ ತೆಗೆದುಕೊಂಡನು. ಬೇಡವೆಂದಿದ್ದರೆ ಮೇಸ್ತ್ರಿಯ ಮಾತಿಗೆ ಬೆಲೆಯಿಲ್ಲದಂತಾಗುತ್ತಿತ್ತು.

ಇಷ್ಟರಿಂದ ಎಲ್ಲವೂ ಸರಿಹೋಯಿತೆಂದು ವಾಚಕರು ತಿಳಿಯಬಾರದು. ಮೇಸ್ತ್ರಿಯ ಯಂತ್ರವು ಮರಳಿ ಬರಲಿಲ್ಲ. ಅವನು ಈಗ ಸಾಮಗ್ರಿ ಸಹಿತವಾದ ಗುತ್ತಿಗೆಯನ್ನು ಹಿಡಿಯುವುದಿಲ್ಲ. ಕೂಲಿಯ ಗುತ್ತಿಗೆಯನ್ನು ಮಾತ್ರ ಹಿಡಿಯುವನು. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಮೇಲಿನ ತೆರಿಗೆಯು ನೂರಕ್ಕೆ 28ರಿಂದ 18ಕ್ಕೆ ಇಳಿಯಿತೆಂಬ ವರ್ತಮಾನವನ್ನು ಗೃಹಸ್ಥನೇ ಅವನಿಗೆ ಓದಿ ಹೇಳಿದಾಗ, "ಇಳಿಯಲಿ ಸ್ವಾಮಿ, ಕಟ್ಟುವವರಿಗೆ ಒಳ್ಳೆಯದು. ನನಗೆ ಕರಣೆಯೊಂದು ಸಾಕು" ಎಂದನಂತೆ. ಗೃಹಸ್ಥನ ಮೇಲಂತಸ್ತಿನ ಹಣವು ಅರ್ಧದ ಲೆಕ್ಕದಲ್ಲಿಯೂ ಇಮ್ಮಡಿ ಕೊಂಡ ಕಬ್ಬಿಣದಲ್ಲಿಯೂ ಕರಗಿತು. ಆ ಕಬ್ಬಿಣದ ಅರ್ಧವು ಇಂದಿಗೂ ಹಿತ್ತಿಲಲ್ಲಿ ತಗಡಿನ ಮರೆಯಲ್ಲಿ ಬಿದ್ದಿರುವುದು. ತಾರಸಿಯ ಮೇಲೆ, ಮುಂದೆಂದೋ ಎದ್ದೇಳಬೇಕಾದ ಕಂಬಗಳ ಸರಳುಗಳು ಆಕಾಶಕ್ಕೆ ಮುಖ ಮಾಡಿ ಮಳೆಯಲ್ಲಿ ಕೆಂಪಾಗುತ್ತಿರುವುವು. ಕಬ್ಬಿಣದ ಬೆಲೆಯೇಕೆ ಏರಿತೆಂದು ಯಾರಾದರೂ ಮಾತೆತ್ತಿದರೆ, ಅವನು ಯುದ್ಧವನ್ನೂ ಕಲ್ಲಿದ್ದಲನ್ನೂ ಕಂಪೆನಿಗಳನ್ನೂ ಹೇಳಿ, ಕಡೆಯಲ್ಲಿ ಹಿತ್ತಿಲ ಕಡೆಗೆ ಕೈದೋರಿ, "ಅಷ್ಟು ಮಾತ್ರ ನಾನೂ ಏರಿಸಿದೆ" ಎನ್ನುವನು.

ಹಳೆಯ ಹಲಸಿನ ಬುಡವಿದ್ದ ಜಾಗದಲ್ಲಿ ಕಳೆದ ವರ್ಷ ಅವನು ಒಂದು ಹಲಸಿನ ಸಸಿಯನ್ನು ನೆಡಿಸಿದನು. ಅದಕ್ಕೆ ಮುಳ್ಳಿನ ಬೇಲಿಯನ್ನು ಕಟ್ಟಿಕೊಟ್ಟವನು ಆ ಮೇಸ್ತ್ರಿಯೇ.